ಮುಳುಗಿದವನ ಕಂಠಹಾರ

"ತಿರುಗಿಸಿ ನೋಡಿ, ಇನ್ಸ್‌ಪೆಕ್ಟರ್," ಎಂದರು ಮಿಸ್ ಸ್ಟೋಬರ್ಟ್. "ನಾನು ಮೂರು ಸಲ ನೋಡಿದ್ದೀನಿ. ಕನ್ನಡಕದ ತಪ್ಪಲ್ಲ."

ತೂಕದ ತಟ್ಟೆಯಲ್ಲಿದ್ದ ಕಂಠಹಾರವನ್ನು ಇನ್ಸ್‌ಪೆಕ್ಟರ್ ಬ್ರಾಕ್ ಮಗುಚಿದ. ಚಿನ್ನದ ನೀರು ಕೊಟ್ಟ ಬೆಳ್ಳಿಯ ಕೊಂಡಿಗಳು. ಒಂದು ಕಿರೀಟ, ಒಂದು ಕಾಗೆ, ಮತ್ತೆ ಕಿರೀಟ, ಮತ್ತೆ ಕಾಗೆ. ನಡುವಿನ ಕಾಗೆಯ ಬೆನ್ನ ಮೇಲೆ, ಉಗುರಿನಷ್ಟು ಜಾಗದಲ್ಲಿ, ಅಂಕಿ ಕೆತ್ತಿತ್ತು. ಇಪ್ಪತ್ತಮೂರು.

"ಸರ್ ಆಂಬ್ರೋಸ್ ಲಾರ್ಕಮ್ ಅವರಿಗೆ ನೀವು ಕೊಟ್ಟಿದ್ದು?"

"ಮೂವತ್ತೊಂದು. ಏಳು ವರ್ಷದ ಹಿಂದೆ, ನನ್ನ ಕೈಯಿಂದಲೇ. ಸಹಿ ಇಲ್ಲಿದೆ."

ಸರ್ ಆಂಬ್ರೋಸ್ ತಮ್ಮ ಪುಸ್ತಕದ ಕೋಣೆಯ ಏಣಿಯ ಬುಡದಲ್ಲಿ ಸತ್ತುಬಿದ್ದು ಮೂರು ವಾರವಾಗಿತ್ತು. ಕಾಲು ಜಾರಿತು ಎಂದಿದ್ದರು ಮನೆಯವರು, ಹಿಂದಿನಿಂದ ಬಿದ್ದ ಪೆಟ್ಟು ಎಂದಿದ್ದರು ಶವಪರೀಕ್ಷೆ ಮಾಡಿದ ವೈದ್ಯರು.

ಸಂತ ಆಸ್ವಾಲ್ಡ್ ಬಿರುದಿಗೆ ಐವತ್ತು ಹಾರಗಳಷ್ಟೇ ಇವೆ. ಐವತ್ತೊಂದನೆಯದನ್ನು ಯಾರೂ ಮಾಡಿಸಿಲ್ಲ. ಹಾರ ತೊಟ್ಟವರ ಸ್ವತ್ತಲ್ಲ, ಅರಸೊತ್ತಿಗೆಯದು. ತೊಟ್ಟವರು ಸತ್ತರೆ ಮನೆಯವರು ಕೆಂಪು ಚರ್ಮದ ಪೆಟ್ಟಿಗೆಯಲ್ಲಿಟ್ಟು ಈ ನೆಲಮಾಳಿಗೆಯ ಕಚೇರಿಗೆ ಹಿಂದಿರುಗಿಸಬೇಕು. ಮಿಸ್ ಸ್ಟೋಬರ್ಟ್ ತೂಗುತ್ತಾರೆ, ಅಂಕಿ ಓದುತ್ತಾರೆ, ಒರೆಸಿ ಕಪಾಟಿಗೆ ಸೇರಿಸುತ್ತಾರೆ. ಮುಂದೆ ಬಿರುದು ಪಡೆಯುವವರ ಕೊರಳು ಅದಕ್ಕೆ ಕಾಯುತ್ತಿರುತ್ತದೆ.

ಬ್ರಾಕ್‌ಗೆ ತನ್ನ ಮನೆಯ ನೆನಪಾಯಿತು. ಅಣ್ಣ ಯುದ್ಧದಲ್ಲಿ ಸತ್ತಾಗ ಅವನ ಪದಕಗಳು ರಟ್ಟಿನ ಡಬ್ಬಿಯಲ್ಲಿ ಅಂಚೆಯ ಮೂಲಕ ಅಮ್ಮನಿಗೆ ಬಂದಿದ್ದವು. ಸಣ್ಣವರು ಸತ್ತರೆ ಮನೆಗೆ ಏನಾದರೂ ಬರುತ್ತದೆ. ದೊಡ್ಡವರು ಸತ್ತರೆ ಮನೆಯಿಂದ ಹೋಗುತ್ತದೆ.

"ಇಪ್ಪತ್ತಮೂರು ಯಾರದ್ದು?"

ಮಿಸ್ ಸ್ಟೋಬರ್ಟ್ ದಪ್ಪ ಪುಸ್ತಕದ ಪುಟವೊಂದನ್ನು ತೆರೆದು ಅವನತ್ತ ತಿರುಗಿಸಿದರು. ಒಂದೊಂದು ಹಾರಕ್ಕೆ ಒಂದೊಂದು ಪುಟ. ಈ ಪುಟದಲ್ಲಿ ಒಂಬತ್ತು ಹೆಸರುಗಳಿದ್ದವು, ಒಂಬತ್ತರ ಮೇಲೂ ಕೆಂಪು ಗೆರೆ. ಕೊನೆಯ ಹೆಸರು ಸರ್ ಹ್ಯೂಗೋ ಟ್ರೆವಿಕ್. ಎದುರಿಗೆ ಸಣ್ಣ ಅಕ್ಷರದಲ್ಲಿ: ೧೯೪೧, ಹಡಗು ಮುಳುಗಿ ಮರಣ, ಹಾರ ಅವರೊಂದಿಗೆ ಸಮುದ್ರದಲ್ಲಿ ನಷ್ಟ.

"ಆಫ್ರಿಕಾದ ಒಂದು ವಸಾಹತಿಗೆ ಗವರ್ನರ್ ಆಗಿ ಹೊರಟಿದ್ರು," ಎಂದರು ಮಿಸ್ ಸ್ಟೋಬರ್ಟ್. "ಪ್ರಮಾಣವಚನದ ದಿನ ತೊಡಬೇಕಲ್ಲ, ಅದಕ್ಕೆ ಹಾರ ಜೊತೆಗೆ ಒಯ್ದಿದ್ರು. ಹಡಗಿಗೆ ಟಾರ್ಪಿಡೊ ಬಿತ್ತು. ಬದುಕಿದ್ದು ಒಂದೇ ದೋಣಿ."

"ಆ ದೋಣಿಯಲ್ಲಿ?"

"ಅವರ ಆಪ್ತ ಕಾರ್ಯದರ್ಶಿ. ಚಿಕ್ಕ ವಯಸ್ಸಿನವರು ಆಗ. ಆಂಬ್ರೋಸ್ ಲಾರ್ಕಮ್."

ಬ್ರಾಕ್ ತಟ್ಟೆಯಲ್ಲಿದ್ದ ಹಾರವನ್ನು ಅವರತ್ತ ಸರಿಸಿದ.

"ದೋಣಿಯಲ್ಲಿ ತಂದಿರಬಹುದಾ?"

"ಹನ್ನೊಂದು ದಿನ ತೇಲಿದ ದೋಣಿ ಅದು." ಮಿಸ್ ಸ್ಟೋಬರ್ಟ್ ಹಾರದ ಒಂದು ಕೊಂಡಿಯನ್ನು ದೀಪಕ್ಕೆ ಹಿಡಿದರು. "ಉಪ್ಪುನೀರು ತಾಗಿದ್ರೆ ಈ ಗಿಲೀಟಿನ ಕೆಳಗಿನ ಬೆಳ್ಳಿ ಕಪ್ಪಾಗಿರ್ತಿತ್ತು. ಕಾಗೆ ಕಣ್ಣಿನ ಬಣ್ಣ ಉದುರಿರ್ತಿತ್ತು. ಒಂದು ಕಣ್ಣೂ ಹೋಗಿಲ್ಲ, ನೋಡಿ. ಮೂವತ್ತು ವರ್ಷದಿಂದ ಇವನ್ನ ಒರೆಸ್ತಾ ಇದೀನಿ. ಇದು ಸಮುದ್ರ ಕಂಡ ಹಾರ ಅಲ್ಲ."

"ಸರ್ ಆಂಬ್ರೋಸ್ ಏಳು ವರ್ಷದಿಂದ ಇದನ್ನೇ ತೊಡ್ತಿದ್ರೋ ಏನೋ."

"ಇಲ್ಲ. ಪ್ರತಿವರ್ಷ ಬಿರುದಿನವರೆಲ್ಲ ಸೇರೋ ಮೇ ತಿಂಗಳ ಪ್ರಾರ್ಥನೆಗೆ ಮುಂಚೆ ಎಲ್ಲರ ಹಾರಾನೂ ನಾನೇ ನೋಡ್ತೀನಿ. ಈ ಮೇನಲ್ಲೂ ಅವರ ಕೊರಳಲ್ಲಿದ್ದದ್ದು ಮೂವತ್ತೊಂದೇ."

ಬ್ರಾಕ್ ಅಲ್ಲಿಂದಲೇ ಸರ್ ಆಂಬ್ರೋಸ್ ಅವರ ಅಕ್ಕ ಆಗ್ನೆಸ್‌ಗೆ ಫೋನ್ ಮಾಡಿದ. ಹಾರ ಕಳಿಸಿದ್ದು ಆಕೆಯೇ.

"ಪೆಟ್ಟಿಗೆ ಒಂದೇ ಇತ್ತಾ, ಮಿಸ್ ಲಾರ್ಕಮ್?"

"ಒಂದಲ್ಲದೆ ಹತ್ತಿರುತ್ತಾ? ನನ್ನ ತಮ್ಮ ಸರ್ ಆಗಿದ್ದು ಒಂದೇ ಸಲ."

"ಎಲ್ಲಿ ಸಿಕ್ತು?"

"ಅದೇ ನನಗೂ ಸೋಜಿಗ. ಯಾವಾಗ್ಲೂ ಪುಸ್ತಕದ ಕೋಣೆಯಲ್ಲಿ, ಗಾಜಿನ ಕಪಾಟಲ್ಲಿ ಇಡ್ತಿದ್ದ. ಬಂದವರಿಗೆ ಕಾಣಲಿ ಅಂತ. ಅಲ್ಲಿರಲಿಲ್ಲ. ಇಡೀ ಮನೆ ಹುಡುಕಿ ಕೊನೆಗೆ ಮಹಡಿಯ ಅಲಮಾರಿಯಲ್ಲಿ, ಕಂಬಳಿಗಳ ಹಿಂದೆ ಸಿಕ್ತು. ಕಳ್ಳರ ಭಯಕ್ಕೆ ಅಲ್ಲಿಟ್ಟಿದ್ದಾನೆ ಅಂದ್ಕೊಂಡೆ. ಯಾಕೆ, ಏನಾಯ್ತು?"

"ಏನಿಲ್ಲ. ನೀವು ಅಂಕಿ ನೋಡಿದ್ರಾ?"

"ಅದಕ್ಕೆ ಅಂಕಿ ಬೇರೆ ಇರುತ್ತಾ?"

ಬ್ರಾಕ್ ಫೋನ್ ಕೆಳಗಿಟ್ಟ. ವಿಷಯ ಅಷ್ಟೇ. ಮನೆಯಲ್ಲಿದ್ದದ್ದು ಎರಡು ಹಾರ. ಕಾಣುವ ಹಾಗೆ ಇಟ್ಟಿದ್ದು ಆಂಬ್ರೋಸ್‌ನದು, ಅಡಗಿಸಿ ಇಟ್ಟಿದ್ದು ಹ್ಯೂಗೋನದು. ಕೊಂದವನು ಒಂದನ್ನು ಒಯ್ದ. ಅಕ್ಕ ಉಳಿದದ್ದನ್ನು ಸಿಕ್ಕಿದ್ದೇ ಹಾರವೆಂದು ಕಳಿಸಿದಳು. ಬೆನ್ನ ಮೇಲಿನ ಅಂಕಿಯನ್ನು ಇಬ್ಬರೂ ನೋಡಲಿಲ್ಲ. ಇಂಗ್ಲೆಂಡಿನಲ್ಲಿ ಆ ಅಂಕಿ ನೋಡುವ ಅಭ್ಯಾಸವಿದ್ದದ್ದು ಬಹುಶಃ ಎದುರಿಗಿದ್ದ ಈ ಒಬ್ಬರಿಗೆ.

"ಹಾರ ಸರ್ ಹ್ಯೂಗೋ ಜೊತೆ ಹೋಯ್ತು ಅಂತ ಆಗ ಹೇಳಿದವರು ಯಾರು?"

"ಅವರ ಹೆಂಡತಿ. ಬರೆದು ಕೊಟ್ಟಿದ್ದಾರೆ." ಮಿಸ್ ಸ್ಟೋಬರ್ಟ್ ಒಂದು ಹಳದಿಗಟ್ಟಿದ ಹಾಳೆ ತೆಗೆದರು. 'ಹಾರವನ್ನು ನನ್ನ ಕೈಯಾರೆ ನನ್ನ ಗಂಡನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಕಾನ್‌ಸ್ಟನ್ಸ್ ಟ್ರೆವಿಕ್.' "ಈಗಲೂ ಇದ್ದಾರೆ. ಹದಿನೆಂಟು ವರ್ಷದಿಂದ ಕಪ್ಪು ಬಿಟ್ಟು ಬೇರೆ ಬಟ್ಟೆ ತೊಟ್ಟಿಲ್ಲ. ನದಿ ದಂಡೆಯ ಹಳೇ ಅರಮನೆಯಲ್ಲಿ ರಾಣಿಯ ಕೃಪೆಯಿಂದ ಮೂರು ಕೋಣೆ ಕೊಟ್ಟಿದ್ದಾರೆ. ಸೇವೆಯಲ್ಲಿ ಸತ್ತವರ ವಿಧವೆಯರಿಗೆ ಕೊಡ್ತಾರಲ್ಲ, ಹಾಗೆ." ಅವರು ಹಾಳೆಯನ್ನು ಮಡಿಸಿದರು. "ಇನ್ಸ್‌ಪೆಕ್ಟರ್, ಹಾರದ ಹಾಗೇ ಸರ್ ಹ್ಯೂಗೋನೂ ಹಡಗು ಹತ್ತಲಿಲ್ಲ, ಸಾಯಲಿಲ್ಲ ಅಂತಾದ್ರೆ ಆಕೆ ವಿಧವೆ ಅಲ್ಲ. ಆ ಕೋಣೆ ಬಿಡಬೇಕಾಗುತ್ತೆ. ಹೋಗೋಕೆ ಬೇರೆ ಜಾಗ ಇಲ್ಲ ಅಂತ ಕೇಳಿದ್ದೀನಿ. ಸ್ವಲ್ಪ ಮೆತ್ತಗೆ ಮಾತಾಡಿ."

ರೈಲಿನಲ್ಲಿ ಬ್ರಾಕ್ ೧೯೪೧ರ ವಿಚಾರಣೆಯ ನಕಲು ಓದಿದ. ನಾಲ್ಕೇ ಪುಟ. ಯುದ್ಧದ ಕಾಲ, ಮುಳುಗಿದ ಹಡಗುಗಳು ನೂರಾರು, ವಿಚಾರಣೆಗೆ ಪುರುಸೊತ್ತಿರಲಿಲ್ಲ. ಸರ್ ಹ್ಯೂಗೋ ಹಡಗು ಮುಳುಗುವಾಗ ಮೇಲಿನ ಡೆಕ್ಕಿನಲ್ಲಿದ್ದರು ಎಂದು ಹೇಳಿದ ಸಾಕ್ಷಿ ಒಬ್ಬನೇ. ಸರ್ ಹ್ಯೂಗೋ ಹಡಗು ಹತ್ತಿದ್ದನ್ನು ಕಂಡೆ ಎಂದು ಹೇಳಿದ ಸಾಕ್ಷಿಯೂ ಅವನೊಬ್ಬನೇ. ಆಂಬ್ರೋಸ್ ಲಾರ್ಕಮ್.

ಹಾರ ಹಡಗು ಹತ್ತಲಿಲ್ಲ. ಹಾರದ ಒಡೆಯ ಹತ್ತಿದ್ದನೆಂದು ಹೇಳಬಲ್ಲ ಬಾಯಿ ಈಗ ಮುಚ್ಚಿತ್ತು.

ಅರಮನೆಯ ಹಿಂಬಾಗಿಲ ಕಾವಲಿನವನ ಹೆಸರು ಗಜನ್. ನವೆಂಬರಿನ ಮಂಜು ನದಿಯಿಂದೆದ್ದು ಅಂಗಳ ತುಂಬಿತ್ತು. ಅವನು ಸಣ್ಣ ಒಲೆಯ ಮುಂದೆ ಕೂತು ಬ್ರೆಡ್ಡು ಸುಡುತ್ತಿದ್ದ.

"ದೆವ್ವ ನೋಡೋಕೆ ಬಂದಿದ್ರೆ ಟಿಕೆಟ್ಟು ಮುಂದಿನ ಬಾಗಿಲಲ್ಲಿ, ಸರ್."

"ಇಲ್ಲಿ ದೆವ್ವ ಇದೆಯಾ?"

"ಮುಂದಿನ ಕಡೆ ಇರೋದು ಒಂದು, ತಲೆ ಕಡಿಸಿಕೊಂಡ ರಾಣೀದು. ಹಿಂದಿನ ಕಡೆ ಹದಿನಾಲ್ಕು. ಹದಿನಾಲ್ಕು ಜನ ವಿಧವೆಯರು, ಒಬ್ಬೊಬ್ಬರಿಗೂ ಒಬ್ಬೊಬ್ಬ ಗಂಡ. ಎಲ್ಲರೂ ಬಿರುದಿನವರೇ, ಸರ್. ಸಾಧಾರಣ ದೆವ್ವಕ್ಕೆ ಇಲ್ಲಿ ಕೋಣೆ ಕೊಡಲ್ಲ."

ಬ್ರಾಕ್ ತನ್ನ ಗುರುತಿನ ಚೀಟಿ ತೋರಿಸಿದ. ಗಜನ್ ಬ್ರೆಡ್ಡು ಕೆಳಗಿಟ್ಟು ಎದ್ದು ನಿಂತ.

"ಕಳೆದ ತಿಂಗಳ ಕೊನೆಯ ಗುರುವಾರ. ಲೇಡಿ ಟ್ರೆವಿಕ್ ಅವರನ್ನ ನೋಡೋಕೆ ಯಾರಾದ್ರೂ ಬಂದಿದ್ರಾ?"

ಅದು ಆಂಬ್ರೋಸ್ ಸತ್ತ ದಿನ. ಪೆಟ್ಟು ಬಿದ್ದದ್ದು ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ. ಅವನ ಊರಿನಿಂದ ಇಲ್ಲಿಗೆ ರೈಲಿನಲ್ಲಿ ಒಂದು ಗಂಟೆ.

ಗಜನ್ ಪುಸ್ತಕ ತೆರೆದ. "ಮೇಲೆ ಹೋಗೋ ಪ್ರತಿ ಗಂಡಸಿನ ಹೆಸರೂ ಬರೀತೀನಿ. ಬಿಷಪ್ ಬಂದ್ರೂ ಬರೀತೀನಿ. ಗುರುವಾರ... ಡಾಕ್ಟರ್, ಆಮೇಲೆ ಒಬ್ಬ ಕರ್ನಲ್, ಎರಡನೇ ಮಹಡಿಗೆ. ಲೇಡಿ ಟ್ರೆವಿಕ್‌ಗೆ ಯಾರೂ ಇಲ್ಲ. ಅವರ ಹತ್ರ ಯಾರೂ ಬರಲ್ಲ, ಪಾಪ."

"ಬರೆಯದೆ ಹೋದವರು ಯಾರೂ ಇಲ್ಲವಾ?"

"ಯಾರೂ ಇಲ್ಲ."

"ಕೆಲಸದವರು?"

"ಅದು ಬಿಡಿ, ಸರ್. ಗುರುವಾರ ಕಲ್ಲಿದ್ದಲಿನ ದಿನ. ಗೋಣಿ ಹೊತ್ಕೊಂಡು ಹತ್ತುತ್ತಾರೆ, ಇಳೀತಾರೆ."

"ಹತ್ತಿದಷ್ಟೇ ಜನ ಇಳಿದ್ರಾ?"

"ಎಣಿಸೋಕೆ ಅವರೇನು ಲಾರ್ಡುಗಳಾ?" ಎಂದ ಗಜನ್. ಆಮೇಲೆ ಬ್ರಾಕ್‌ನ ಮುಖ ನೋಡಿ ಪುಸ್ತಕ ಮುಚ್ಚಿದ.

ಎಂಬತ್ತು ಚಿಲ್ಲರೆ ಕಲ್ಲಿನ ಮೆಟ್ಟಿಲು. ನಾಲ್ಕು ನೂರು ವರ್ಷದ ಕಾಲುಗಳು ಸವೆಸಿ ಒಂದೊಂದರ ನಡುವೆ ತಗ್ಗಾಗಿತ್ತು. ಪ್ರತಿ ತಿರುವಿನಲ್ಲೂ ಒಂದು ಬಾಗಿಲು, ಬಾಗಿಲ ಮೇಲೆ ಹಿತ್ತಾಳೆಯ ತಗಡು, ತಗಡಿನ ಮೇಲೆ ಸತ್ತ ಗಂಡನ ಹೆಸರಿಗೆ ಅಂಟಿಕೊಂಡ ಹೆಂಗಸಿನ ಹೆಸರು. ಒಳಗಿಂದ ಯಾವ ಸದ್ದೂ ಇಲ್ಲ. ಬ್ರಾಕ್ ನಿಂತಾಗ ಅವನದೇ ಹೆಜ್ಜೆಯ ಸದ್ದು ಇನ್ನೂ ಎರಡು ಮೆಟ್ಟಿಲು ಹತ್ತಿ ನಿಂತ ಹಾಗೆ ಕೇಳಿಸಿತು. ಅವನು ತಿರುಗಿ ನೋಡಿದ. ಕಲ್ಲಿನ ಗೋಡೆ, ಮಂಜು, ಅಷ್ಟೇ.

ಲೇಡಿ ಟ್ರೆವಿಕ್ ತಾವೇ ಬಾಗಿಲು ತೆರೆದರು. ಐವತ್ತೆಂಟರ ಹೆಂಗಸು, ಎತ್ತರ, ಬೂದು ಕೂದಲು. ತೊಟ್ಟಿದ್ದು ನೀಲಿ ಉಡುಪು. ಹದಿನೆಂಟು ವರ್ಷ ಕಪ್ಪು ಬಿಟ್ಟು ಬೇರೆ ತೊಟ್ಟವರಲ್ಲ ಎಂದು ಮಿಸ್ ಸ್ಟೋಬರ್ಟ್ ಹೇಳಿದ್ದು ಬ್ರಾಕ್‌ಗೆ ನೆನಪಾಯಿತು.

"ಕೂತ್ಕೊಳ್ಳಿ. ಆಂಬ್ರೋಸ್ ವಿಷಯ ತಾನೇ?"

"ಹೌದು, ಲೇಡಿ ಟ್ರೆವಿಕ್. ಮತ್ತೆ ನಿಮ್ಮ ಯಜಮಾನರ ಹಾರದ ವಿಷಯ."

ಅವರು ಟೀ ಸುರಿಯುತ್ತಿದ್ದರು. ಬಟ್ಟಲು ತುಂಬುವವರೆಗೂ ನಿಲ್ಲಿಸಲಿಲ್ಲ. ಕೋಣೆ ತಣ್ಣಗಿತ್ತು, ಅಗ್ಗಿಷ್ಟಿಕೆಯಲ್ಲಿ ಬೆಂಕಿ ಇದ್ದರೂ. ಗೋಡೆಯ ಮೇಲೆ ಒಂದೇ ಚಿತ್ರ: ನಲವತ್ತು ದಾಟಿದ ಗಂಡಸು, ಕೊರಳಲ್ಲಿ ಕಾಗೆಗಳ ಸಾಲು.

"ಹಾರ ಪೆಟ್ಟಿಗೆಯಲ್ಲಿ ಇಟ್ಟಿದ್ದು ನೀವೇ ಅಂತ ಬರೆದು ಕೊಟ್ಟಿದ್ದೀರಿ."

"ನಾನೇ. ಅಂಗಿಗಳ ಕೆಳಗೆ. ಬೀಗ ಹಾಕಿ ಬೀಗದಕೈಯನ್ನ ಆಂಬ್ರೋಸ್ ಕೈಗೆ ಕೊಟ್ಟೆ. ಸಾಮಾನು ಬಂದರಿಗೆ ಒಯ್ದಿದ್ದು ಅವನು. ಹ್ಯೂಗೋ ಹಿಂದಿನ ದಿನಾನೇ ಲಂಡನ್ನಿಗೆ ಹೋಗಿದ್ದ, ಅಲ್ಲಿಂದ ನೇರ ಬಂದರಿಗೆ. ಹಡಗು ಹತ್ತಿದ್ದನ್ನ ನಾನು ನೋಡಿಲ್ಲ." ಅವರು ಬಟ್ಟಲನ್ನು ಅವನತ್ತ ಸರಿಸಿದರು. "ಹದಿನೆಂಟು ವರ್ಷದಲ್ಲಿ ಇದನ್ನ ಕೇಳಿದವರು ನೀವೇ ಮೊದಲು."

"ಆ ಹಾರ ಹಡಗು ಹತ್ತಲಿಲ್ಲ, ಲೇಡಿ ಟ್ರೆವಿಕ್. ಆಂಬ್ರೋಸ್ ಮನೆಯಲ್ಲಿತ್ತು. ಕಂಬಳಿಗಳ ಹಿಂದೆ."

"ಇತ್ತಾ?" ಎಂದರು ಅವರು, ಬಹಳ ನಿಧಾನವಾಗಿ.

"ಕೊಂದವನು ಅದನ್ನ ಹುಡುಕಿಕೊಂಡು ಬಂದಿದ್ದ ಅಂತ ನನ್ನ ಲೆಕ್ಕ. ಅವಸರದಲ್ಲಿ ಗಾಜಿನ ಕಪಾಟಲ್ಲಿ ಇದ್ದದ್ದನ್ನ ತಗೊಂಡ. ಅದು ಈಗ ಎಲ್ಲಿದೆಯೋ ಅಲ್ಲಿ ಅವನಿದ್ದಾನೆ."

ಲೇಡಿ ಟ್ರೆವಿಕ್ ಎದ್ದು ಕಿಟಕಿಯ ಕೆಳಗಿನ ಮರದ ಪೆಟ್ಟಿಗೆಯ ಬಳಿ ಹೋದರು. ಮುಚ್ಚಳ ಎತ್ತಿ ಕೆಂಪು ಚರ್ಮದ ಡಬ್ಬಿಯೊಂದನ್ನು ತಂದು ಮೇಜಿನ ಮೇಲೆ, ಸಕ್ಕರೆಯ ಪಕ್ಕ ಇಟ್ಟರು.

"ತೆಗೀರಿ."

ಬ್ರಾಕ್ ತೆಗೆದ. ಕಿರೀಟ, ಕಾಗೆ, ಕಿರೀಟ, ಕಾಗೆ.

"ಯಾರು ತಂದಿದ್ದು?"

"ನನ್ನ ಗಂಡ. ಆ ಗುರುವಾರ, ನಾಲ್ಕು ಗಂಟೆಗೆ. ಬಾಗಿಲು ತಟ್ಟಿದಾಗ ಕಲ್ಲಿದ್ದಲಿನವನು ಅಂದ್ಕೊಂಡೆ. ಬೆನ್ನ ಮೇಲೆ ಗೋಣಿ, ಮುಖ ತುಂಬ ಮಸಿ. 'ಕಾನ್‌ಸ್ಟನ್ಸ್' ಅಂದ. ನನಗೆ ಗುರುತು ಸಿಗಲಿಲ್ಲ. ಹದಿನೆಂಟು ವರ್ಷ ಅಂದ್ರೆ ಏನು ಕಮ್ಮಿಯಾ? ಆಮೇಲೆ ಗೋಣಿಯೊಳಗೆ ಕೈ ಹಾಕಿ ಇದನ್ನ ಕೊಟ್ಟ. 'ಈಗಲಾದ್ರೂ ನಂಬ್ತೀಯಾ' ಅಂದ."

"ನಂಬಿದ್ರಿ."

"ಮಾರನೇ ದಿನ ಕಪ್ಪು ಬಟ್ಟೆಯೆಲ್ಲ ಪೆಟ್ಟಿಗೆಗೆ ಹಾಕಿದೆ."

ಬ್ರಾಕ್ ಹಾರವನ್ನು ಕೈಗೆತ್ತಿಕೊಂಡ. ಮೆತ್ತಗೆ ಮಾತಾಡಿ ಎಂದಿದ್ದರು ಮಿಸ್ ಸ್ಟೋಬರ್ಟ್. ಇದನ್ನು ಮೆತ್ತಗೆ ಹೇಳುವ ದಾರಿ ಯಾವುದೆಂದು ಅವನಿಗೆ ತೋಚಲಿಲ್ಲ.

"ನಿಮ್ಮ ಯಜಮಾನರು ಹಾರದ ಅಂಕಿ ನೋಡ್ತಿದ್ರಾ?"

"ನೋಡೋದಾ?" ಮೊದಲ ಸಲ ಅವರ ತುಟಿಯಲ್ಲಿ ನಗು ಸುಳಿಯಿತು. "ಅದು ಅವನ ಹುಚ್ಚು. ತನಗಿಂತ ಮುಂಚೆ ತೊಟ್ಟ ಎಂಟು ಜನರ ಹೆಸರೂ ಬಾಯಿಪಾಠ. ಪ್ರತಿ ಸಲ ತೊಡೋ ಮುಂಚೆ ಬೆನ್ನು ತಿರುಗಿಸಿ ಅಂಕಿ ಸವರಿ ಅಷ್ಟೂ ಹೆಸರು ಹೇಳ್ತಿದ್ದ. 'ಸತ್ತವರ ಅಪ್ಪಣೆ ಕೇಳಬೇಕು, ಕಾನ್‌ಸ್ಟನ್ಸ್, ಅವರ ಜಾಗದಲ್ಲಿ ಕೂರ್ತಾ ಇದೀವಿ' ಅಂತಿದ್ದ. ನನಗೆ ಮೈ ಜುಮ್ಮೆನ್ನೋದು."

ಬ್ರಾಕ್ ಹಾರವನ್ನು ಮಗುಚಿ ಅವರ ಮುಂದಿಟ್ಟ. ನಡುವಿನ ಕಾಗೆಯ ಬೆನ್ನು ಬೆಂಕಿಯ ಬೆಳಕಿನಲ್ಲಿ ಹೊಳೆಯಿತು. ಮೂವತ್ತೊಂದು.

"ಇದು ಸರ್ ಹ್ಯೂಗೋ ಅವರದ್ದಲ್ಲ. ಆಂಬ್ರೋಸ್ ಅವರದ್ದು. ನಿಮ್ಮ ಯಜಮಾನರಾಗಿದ್ರೆ ಎತ್ತಿದ ಕೂಡ್ಲೇ ಗೊತ್ತಾಗ್ತಿತ್ತು."

ಅವರು ಅಂಕಿಯನ್ನು ನೋಡಲಿಲ್ಲ. ಅವನನ್ನೇ ನೋಡುತ್ತಿದ್ದರು.

"ಮೊದಲ ದಿನಾನೇ ನೋಡಿದೆ, ಇನ್ಸ್‌ಪೆಕ್ಟರ್. ಅವನು ಮುಖ ತೊಳೀತಿದ್ದಾಗ."

ಹೊರಗೆ ನದಿಯ ಕಡೆಯಿಂದ ದೋಣಿಯೊಂದು ಮಂಜಿನಲ್ಲಿ ಎಚ್ಚರಿಕೆಗೆ ಬಾರಿಸುವ ಗಂಟೆ ಕೇಳಿಸಿತು, ದೂರದಲ್ಲಿ, ಎರಡು ಸಲ.

"ಗೊತ್ತಿದ್ದೂ ಇಪ್ಪತ್ತೊಂದು ದಿನ ಸುಮ್ಮನಿದ್ರಾ?"

"ಅವಸರದಲ್ಲಿ ನೋಡದೆ ಇರಬಹುದು. ಕೈ ನಡುಗಿರಬಹುದು. ಮನುಷ್ಯ ಬದಲಾಗಬಹುದು." ಅವರು ಹಾರವನ್ನು ಮತ್ತೆ ಮುಖ ಮೇಲಾಗಿ ತಿರುಗಿಸಿದರು. "ಅವನಿಗೆ ನಮ್ಮ ನಾಯಿಯ ಹೆಸರು ಗೊತ್ತು. ಮದುವೆಯ ದಿನ ನನ್ನ ಚಿಕ್ಕಪ್ಪ ಕುಡಿದು ಬಿದ್ದದ್ದು ಗೊತ್ತು."

"ಆಂಬ್ರೋಸ್‌ಗೂ ಗೊತ್ತಿತ್ತು. ಆಂಬ್ರೋಸ್ ಹೇಳಿಕೊಟ್ಟಿದ್ರೆ ಯಾರಿಗಾದ್ರೂ ಗೊತ್ತಿರುತ್ತೆ."

"ಹೌದು," ಎಂದರು ಅವರು. "ಅದನ್ನೂ ಯೋಚಿಸಿದ್ದೀನಿ. ರಾತ್ರಿಯಿಡೀ ಅದೇ ಕೆಲಸ ನನಗೆ."

"ಹಾಗಾದ್ರೆ ನಡೆದದ್ದನ್ನ ಹೇಳಿಕೆ ಕೊಡಿ. ಸಾಕ್ಷಿಯಾಗಿ."

"ಕೊಡಲ್ಲ." ದನಿ ಏರಲಿಲ್ಲ. "ವಕೀಲರನ್ನ ಕೇಳಿದ್ದೀನಿ. ಕೊಲೆಯ ಮೊಕದ್ದಮೆಯಲ್ಲಿ ಗಂಡನ ವಿರುದ್ಧ ಹೆಂಡತಿಯ ಬಾಯಿ ಬಿಡಿಸೋಕೆ ಕೋರ್ಟಿಗೂ ಆಗಲ್ಲ. ವಿಧವೆಯನ್ನಾದ್ರೆ ಕರೆಸಬಹುದು. ನೀವು ಬರ್ಕೊಳ್ಳಿ: ನಾನು ವಿಧವೆ ಅಲ್ಲ."

ಬ್ರಾಕ್ ಪೆನ್ನು ತೆಗೆಯಲಿಲ್ಲ. "ಈ ಮಾತು ಬರೆದ್ರೆ ನಾಳೆ ಈ ಕೋಣೆ ಹೋಗುತ್ತೆ. ಗೊತ್ತಿದೆಯಾ?"

"ಅರಮನೆಯ ಮೇಲ್ವಿಚಾರಕರಿಗೆ ಕಾಗದ ಬರೆದಾಗಿದೆ. ಕ್ರಿಸ್ಮಸ್ ಹೊತ್ತಿಗೆ ಖಾಲಿ ಮಾಡ್ತೀನಿ ಅಂತ." ಬಾಗಿಲ ಪಕ್ಕದ ತಟ್ಟೆಯಲ್ಲಿ ಅಂಚೆಚೀಟಿ ಅಂಟಿಸಿದ ಲಕೋಟೆ ಇತ್ತು. "ಈ ಬಾಗಿಲ ಮೇಲಿನ ತಗಡು ಹದಿನೆಂಟು ವರ್ಷದಿಂದ ಓದ್ತಾ ಇದೀನಿ. ಅದರಲ್ಲಿ ನನ್ನದು ಅಂತ ಏನಿದೆ? ಅವನು ಸತ್ತಿದ್ದಕ್ಕೆ ಕೊಟ್ಟ ಜಾಗ."

"ಹೆಂಡತಿ ಅಂತ ಹೇಳಿದ್ರೆ ಸಾಲದು, ಲೇಡಿ ಟ್ರೆವಿಕ್. ಗಂಡನನ್ನ ತೋರಿಸಬೇಕು. ಅವರು ಸರ್ ಹ್ಯೂಗೋ ಆಗಿದ್ರೆ ನಿಮ್ಮ ಬಾಯಿ ಮುಚ್ಚಿರಲಿ, ನಾನು ಏನೂ ಕೇಳಲ್ಲ. ಅಲ್ಲದೆ ಹೋದ್ರೆ, ಒಬ್ಬ ಕೊಲೆಗಾರನನ್ನ ಕಾಪಾಡ್ತಾ ಇದ್ದೀರಿ. ಯಾರೋ ಏನೋ ಗೊತ್ತಿಲ್ಲದವನನ್ನ."

ಲೇಡಿ ಟ್ರೆವಿಕ್ ಗೋಡೆಯ ಚಿತ್ರದತ್ತ ತಿರುಗಿದರು. ಅದರೊಳಗಿನ ಗಂಡಸು ನಲವತ್ತನಾಲ್ಕರಲ್ಲೇ ನಿಂತುಬಿಟ್ಟಿದ್ದ. ಅವರಿಗಿಂತ ಚಿಕ್ಕವನಾಗಿಬಿಟ್ಟಿದ್ದ.

"ಸರಿ," ಎಂದರು. "ನೋಡಿ. ಕರ್ಕೊಂಡು ಹೋಗಬೇಕು ಅಂದ್ರೆ ಕರ್ಕೊಂಡು ಹೋಗಿ, ನಾನು ಅಡ್ಡ ಬರಲ್ಲ. ಒಂದೇ ಬೇಡಿಕೆ. ಅವನು ಯಾರು ಅಂತ ನಿಮಗೆ ಗೊತ್ತಾದ್ರೆ, ನನಗೆ ಹೇಳಬೇಡಿ."

ಬ್ರಾಕ್ ಕುರ್ಚಿಯಿಂದ ಎದ್ದ. ಅವನು ಅಷ್ಟು ಹೊತ್ತೂ ಈ ಮೂರು ಕೋಣೆಗಳಲ್ಲಿ ತಾವಿಬ್ಬರೇ ಇದ್ದೇವೆಂದುಕೊಂಡಿದ್ದ.

ಅವರು ಕೂದಲು ಸರಿಮಾಡಿಕೊಂಡರು. ಒಳಕೋಣೆಯ ಮುಚ್ಚಿದ ಬಾಗಿಲತ್ತ ತಿರುಗಿ, ದಿನಾ ಕರೆಯುವವರ ದನಿಯಲ್ಲಿ ಕರೆದರು.

"ಹ್ಯೂಗೋ, ಟೀ ಆರ್ತಾ ಇದೆ. ಬಾ."

ಬೆಂಕಿಯಲ್ಲಿ ಕೆಂಡವೊಂದು ಕುಸಿಯಿತು.

ಆಮೇಲೆ ಒಳಗೆ ಕುರ್ಚಿ ಜರುಗಿತು.